ಸಮುದ್ರದಂಡೆಯ ಹಾಲ್ಬ್‌ಪೆನ್ಸಿಯೋನ್

ಎಂಜಿನಿಯರ್ ಗಂಡನಿಗೆ ಜರ್ಮನಿಯಲ್ಲಿ ಕೆಲಸ ಮಾಡುವ ಪರವಾನಗಿ ‘ಬ್ಲೂ ಕಾರ್ಡ್’ ಸಿಕ್ಕ ವರ್ಷ ಹ್ಯಾನೋವರ್‌ನಿಂದ ಸಮುದ್ರದಂಡೆಯ ಹೋಟೆಲೊಂದಕ್ಕೆ ಹೊರಟೆವು. ಬೆಳಗಿನ ತಿಂಡಿಗೆ, ರಾತ್ರಿಯೂಟಕ್ಕೆ ಮೊದಲೇ ಹಣ ಕಟ್ಟಿಸಿಕೊಳ್ಳುವ ‘ಹಾಲ್ಬ್‌ಪೆನ್ಸಿಯೋನ್’ ದುಬಾರಿ, ಬೇಡ ಎಂದೆ.

“ತುಟ್ಟಿ ಆದ್ರ ಆಗ್ಲಿ. ರಜಾದಾಗರ ನಿನಗ ಅಡಗಿಮನಿ ಕಾಟ ತಪ್ಲಿ,” ಎಂದು ದೊಡ್ಡ ಉಪಕಾರ ಮಾಡುವವರಂತೆ ಕಟ್ಟಿಬಿಟ್ಟರು. ಒಂದು ದಿನ ತಾವೇ ಅಡುಗೆ ಮಾಡಬಹುದೆಂಬುದು ಆ ಎಂಜಿನಿಯರ್ ತಲೆಗೆ ಹೊಳೆಯಲೇ ಇಲ್ಲ.

ಮೊದಲ ರಾತ್ರಿ ದುಡ್ಡು ವಸೂಲಾಗಲೆಂದು ಬೇಯಿಸಿದ ಆಲೂಗಡ್ಡೆಯನ್ನೇ ಮತ್ತೆ ಮತ್ತೆ ಬಡಿಸಿಕೊಂಡು ತಿಂದರು. ಕೋಣೆಗೆ ಬಂದವರೇ, “ಸೂಟ್‌ಕೇಸಿನ್ಯಾಗ ರೈಸ್ ಕುಕ್ಕರ್ ಇಟ್ಟೀನಿ. ಒಂಚೂರು ಅನ್ನ ಮಾಡು, ಅನ್ನ ಇಲ್ಲಂದ್ರ ಉಂಡಂಗ ಆಗಂಗಿಲ್ಲ,” ಎಂದರು.

ಜರ್ಮನ್‌ನಲ್ಲಿ ‘ಹಾಲ್ಬ್’ ಎಂದರೆ ಅರ್ಧ. ಮಿಕ್ಕರ್ಧವನ್ನು ಪುಕ್ಕಟೆ ಬೇಯಿಸಿಹಾಕಲು ನಾನಿದ್ದೆನಲ್ಲ.