ಮ್ಯೂನಿಕ್ ಪಾಠವನ್ನು ಮೂರು ಥರ ಹೇಳಿದ ಮಾಯಮ್ಮ

ಮಾಯಮ್ಮ ಮೇಡಂ ಅಂದರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಓದುತ್ತಾ ನೀವೇ ಕಂಡುಹಿಡಿಯುವ ಕಷ್ಟ ಬೇಡ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವರು. ನಾನು ಹೊಳೆನರಸೀಪುರದ ಕಡೆಯ ಜಮೀನುಳ್ಳ ಮನೆಯವನು. ಅವರು ಕೊರವಂಗಲದ ಕೂಲಿ ಮಾಡುವ ಮನೆಯಿಂದ ಬಂದು, ತಮ್ಮ ಕೇರಿಯಲ್ಲೇ ಮೊದಲು ಎಂ.ಎ. ಮಾಡಿದವರು. ಅವರು ನನಗಿಂತ ಹೆಚ್ಚು ಓದಿದ್ದಾರೆ ಅನ್ನುವುದು ಸೇರಿದ ಮೊದಲ ವಾರವೇ ಗೊತ್ತಾಯಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆದರೆ ಹೆಸರು ನನ್ನದೇ ಇತ್ತು. 'ರಂಗಸ್ವಾಮಿ ನೋಟ್ಸ್' ಅರಕಲಗೂಡಿನ ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತಿತ್ತು. ೧೯೩೮ರ ಮ್ಯೂನಿಕ್ ಒಪ್ಪಂದವನ್ನೇ ತೆಗೆದುಕೊಳ್ಳಿ. ಯುದ್ಧ ತಪ್ಪಿಸಲು ಇಂಗ್ಲೆಂಡ್, ಫ್ರಾನ್ಸ್ ಸೇರಿ ಚೆಕೊಸ್ಲೊವಾಕಿಯದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ಹೇಡಿತನ, ಐದು ಅಂಶ, ಹತ್ತು ಅಂಕ. ಸೇರಿದ ವರ್ಷ ಬರೆಸಿದ್ದನ್ನೇ ನಿವೃತ್ತಿಯ ವರ್ಷವೂ ಬರೆಸಿದೆ.

ಮಾಯಮ್ಮ ನೋಟ್ಸ್ ಕೊಡುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಮೈಸೂರಿನ ಲೈಬ್ರರಿಗೆ ಹೋಗಿ ಕೂತು ಬರುತ್ತಿದ್ದರು. ಮೊದಮೊದಲು ಅವರೂ ಹೇಡಿತನ ಎಂದೇ ಹೇಳಿಕೊಟ್ಟರು. ಕೆಲವು ವರ್ಷದ ಮೇಲೆ, "ಮೂವತ್ತು ವರ್ಷ ಮುಚ್ಚಿಟ್ಟಿದ್ದ ಸರ್ಕಾರಿ ಕಾಗದಗಳು ಹೊರಗೆ ಬಂದಮೇಲೆ ಇತಿಹಾಸಕಾರರೇ ಮಾತು ಬದಲಿಸಿದ್ದಾರೆ, ಇಂಗ್ಲೆಂಡಿನ ಸೈನ್ಯ ಸಿದ್ಧವಿರಲಿಲ್ಲ, ಕಾಲಾವಕಾಶ ಪಡೆದುಕೊಂಡರು" ಅಂದರು. ಇನ್ನಷ್ಟು ವರ್ಷ ಕಳೆದು, "ಅದೂ ಪೂರ್ತಿ ಸರಿಯಲ್ಲ, ಬೇರೆ ದಾರಿಗಳಿದ್ದವು" ಅಂದರು. ಎಲುಬಿಲ್ಲದ ನಾಲಿಗೆ ಎಂದು ನಾನು ಸ್ಟಾಫ್‌ರೂಮಿನಲ್ಲಿ ಎಲ್ಲರನ್ನೂ ನಗಿಸಿದೆ. ಮಕ್ಕಳು ಪರೀಕ್ಷೆಗೆ ನನ್ನ ನೋಟ್ಸ್ ಓದಿದರು. ಪಾಸಾದಮೇಲೆ ಮಾತಾಡಿಸಲು ಮಾಯಮ್ಮನ ಮನೆಗೆ ಹೋದರು.

ಹೋದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿ ಅನುಶ್ರೀ ಫೋನ್ ಮಾಡಿದಳು. ಈಗ ಹಾಸನದಲ್ಲಿ ಅವಳೂ ಲೆಕ್ಚರರ್.

"ಸಾ, ಮ್ಯೂನಿಕ್ ಒಪ್ಪಂದದ ಮೇಲೆ ವಿಶೇಷ ಉಪನ್ಯಾಸ ಇಟ್ಕೊಂಡಿದೀವಿ. ಮಾಯಮ್ಮ ಮೇಡಂ ಮಾತಾಡ್ತಾರೆ. ನಿಮ್ದು ಅಧ್ಯಕ್ಷತೆ, ಬರ್ಲೇಬೇಕು ಕಣ್ ಸಾ."

ಅಧ್ಯಕ್ಷತೆ! ನಮ್ಮ ಕಡೆ ಅಧ್ಯಕ್ಷ ಅಂದರೆ ಉತ್ಸವಮೂರ್ತಿ. ಶಾಲು ಹೊದ್ದು ಕೂರಬೇಕು, ಜನ ಎದ್ದು ಹೋಗುವ ಹೊತ್ತಿಗೆ ಎರಡು ಮಾತಾಡಬೇಕು. ಹೊಟ್ಟೆ ಉರಿಯಿತು. ಆದರೂ ಒಪ್ಪಿಕೊಂಡೆ, ಏಕೆಂದರೆ ಕೊನೆಯ ಮಾತು ಅಧ್ಯಕ್ಷರದು. ಇವರು ಮೂರು ಸಲ ಮೂರು ಥರ ಹೇಳಿದ್ದನ್ನು ಇಸವಿ ಸಮೇತ ಚೀಟಿಯಲ್ಲಿ ಬರೆದುಕೊಂಡೆ. ಇಪ್ಪತ್ತೆರಡು ವರ್ಷದ್ದನ್ನು ಒಂದೇ ದಿನ ತೀರಿಸಿಕೊಳ್ಳುವವನಿದ್ದೆ.

ಉಪನ್ಯಾಸದ ದಿನ ಮಾಯಮ್ಮ ಮೈಕ್ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. ನಾನು ಚೀಟಿಯಲ್ಲಿ ಬರೆದಿದ್ದನ್ನೆಲ್ಲ ಅವರೇ ಹೇಳಿಬಿಟ್ಟರು. ಮೊದಲು ಹೀಗೆ ಹೇಳಿದ್ದೆ, ಆಮೇಲೆ ಹಾಗೆ, ಎರಡನೇ ಸಲವೂ ಅರ್ಧವೇ ತಿಳಿದಿತ್ತು ಅಂದರು. ನಾಚಿಕೆಯಿಲ್ಲದೆ! ನನಗೆ ಮೈಯೆಲ್ಲ ಉರಿಯಿತು.

"ಮೂರನೇ ಸಲ ನನ್ನನ್ನ ಬದಲಾಯಿಸಿದ್ದು ಪುಸ್ತಕ ಅಲ್ಲ," ಅಂದರು. "ಸ್ಟಾಫ್‌ರೂಮಲ್ಲಿ ಟೀ ಕುಡೀತಾ ರಂಗಸ್ವಾಮಿ ಸಾರ್ ಒಂದ್ ಮಾತು ಕೇಳಿದ್ರು. ಇಂಗ್ಲೆಂಡಿಗೆ ಒಂದು ವರ್ಷ ಸಿಕ್ತು ಅಂತೀರಲ್ಲ ಮೇಡಂ, ಅದೇ ವರ್ಷ ಹಿಟ್ಲರನಿಗೂ ಸಿಗ್ಲಿಲ್ವಾ ಅಂತ. ಅದಕ್ಕೆ ಉತ್ತರ ಎರಡು ಬೇಸಿಗೆ ಹುಡುಕಿದೆ. ದೊಡ್ಡ ದೊಡ್ಡ ಇತಿಹಾಸಕಾರರೂ ಅದನ್ನೇ ಕೇಳ್ತಿದ್ರು."

ಸಭೆ ಚಪ್ಪಾಳೆ ತಟ್ಟಿತು. ನನಗೆ! ಅನುಶ್ರೀ ಮೈಕ್ ಹಿಡಿದು ಬಂದು, ಬಗ್ಗಿ ಮೆಲ್ಲಗೆ ಕೇಳಿದಳು: "ಸಾ, ನಿಮ್ ನೋಟ್ಸು ನಂಗೆ ಬಾಯಿಪಾಠ. ಈ ಪ್ರಶ್ನೆ ಅದರಲ್ಲಿ ಎಲ್ಲಿತ್ತು ಸಾ?"

"ಇರಲಿಲ್ಲ ಕಣಮ್ಮ," ಅಂದೆ.

ಅವತ್ತು ಮಾಯಮ್ಮನ ಬಾಯಿ ಮುಚ್ಚಿಸಲಿಕ್ಕೆ ಕೇಳಿದ್ದೆ. ಟೀ ಲೋಟ ಕೆಳಗಿಡುವ ಹೊತ್ತಿಗೆ ಮರೆತಿದ್ದೆ. ನನ್ನದೇ ಪ್ರಶ್ನೆಗೆ ಎರಡು ಬೇಸಿಗೆ ಕೊಟ್ಟ ಆ ಹೆಂಗಸನ್ನು ನೋಡಿದೆ. ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.