ಒಂದೂ ತಪ್ಪಿಲ್ಲದ ವರದಿ

ಕಾಲುವೆಗೆ ನೀರು ಬಂದ ಮೊದಲ ವರ್ಷಗಳಲ್ಲಿ ನಾನು ಸುರಪುರದಲ್ಲಿ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದೆ. ಹುಟ್ಟಿದ್ದು ಯಾದಗಿರಿಯಲ್ಲಿ, ಅವ್ವ ತೀರಿದ ಮೇಲೆ ಅಲ್ಲಿಗೆ ಹೋಗಲು ಕಾರಣ ಉಳಿದಿರಲಿಲ್ಲ. ಒಂದು ಬಾಡಿಗೆ ಕೋಣೆ, ಎರಡು ಹೊತ್ತು ಖಾನಾವಳಿಯ ಊಟ. ವಾರದ ಆರು ದಿನ ನಾನು ಎಲ್ಲರಿಗೂ ‘ಪೇಪರಿನವರು’. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಶಹಾಪುರದ ಕಡೆಯ ಒಂದು ಹಳ್ಳಿಗೆ ಪ್ರಾರ್ಥನೆಗೆ ಹೋಗುತ್ತಿದ್ದೆ. ಅಲ್ಲಿ ಚಿಕ್ಕದೊಂದು ಚರ್ಚು, ಇಪ್ಪತ್ತು ಮನೆಯ ಸಭೆ. ಪ್ರಾರ್ಥನೆ ಮುಗಿದ ಮೇಲೆ ಯಾರಾದರೊಬ್ಬರು ‘ಬಾರಪ್ಪಾ, ಉಣ್ಣಾಕ’ ಎಂದು ಕರೆದುಕೊಂಡು ಹೋಗಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದರು.

ಸಭಾಪಾಲಕರು ತಿಂಗಳಿಗೊಮ್ಮೆ ಪ್ರಭುಭೋಜನ ಕೊಡಲು, ಎಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಲು, ಬರುತ್ತಿದ್ದರು. ಉಳಿದ ವಾರಗಳಲ್ಲಿ ಬೋಧಿಸುತ್ತಿದ್ದವರು ಊರಿನದೇ ಒಬ್ಬ ಮುದುಕರು. ಮೂರೆಕರೆ ಹೊಲ ಇತ್ತು, ಕಾಲುವೆಯ ಕೊಟ್ಟಕೊನೆಯಲ್ಲಿ. ಒಂದು ಭಾನುವಾರ ಅವರು ಪರಿಪೂರ್ಣತೆಯ ಬಗ್ಗೆ ಮಾತಾಡಿದರು.

“ದೇವರು ಪೂರ್ಣ ಇದ್ದಂಗ ನೀವೂ ಪೂರ್ಣ ಆಗ್ರಿ ಅಂತ ಯೇಸುಸ್ವಾಮಿ ಹೇಳ್ಯಾನ. ಪೂರ್ಣ ಅಂದ್ರ ಒಂದೂ ತಪ್ಪು ಮಾಡದಾಂವ ಅಂತ ತಿಳ್ಕೊಂಡೀರಿ ನೀವು. ಅದಕ್ಕೂ ಮೊದಲು ಏನು ಹೇಳ್ಯಾನ ನೋಡ್ರಿ. ದೇವರು ಒಳ್ಳೇವರ ಹೊಲಕ್ಕೂ ಮಳಿ ಕೊಡ್ತಾನ, ಕೆಟ್ಟವರ ಹೊಲಕ್ಕೂ ಕೊಡ್ತಾನ. ಹಂಗ ಎಲ್ಲಾರನ್ನೂ ಪ್ರೀತಿ ಮಾಡೂದು ಪೂರ್ಣ. ನಮ್ಮ ಕಾಲುವಿ ಹಂಗಲ್ಲ ಬಿಡ್ರಿ.”

ಜನ ನಕ್ಕರು. ನನಗೆ ಆ ಅರ್ಥ ಸಡಿಲ ಅನ್ನಿಸಿತು. ನನ್ನ ಕೆಲಸದಲ್ಲಿ ಪೂರ್ಣ ಎಂದರೆ ಹೆಸರು ಸರಿ, ಊರು ಸರಿ, ಎರಡೂ ಕಡೆಯವರ ಮಾತು ಸರಿ.

ಆ ಹಂಗಾಮಿನಲ್ಲಿ ಮೇಲಿನ ಊರುಗಳವರು ಭತ್ತ ಹಚ್ಚಿ ನೀರೆಲ್ಲ ಎಳೆದುಕೊಂಡರು. ಕೊನೆಯ ಹೊಲಗಳಲ್ಲಿ ಮೆಣಸಿನಗಿಡ ಬಾಡಿತು. ಒಂದು ಮಧ್ಯಾಹ್ನ ನಾಲ್ವರು ರೈತರು ಮೇಲಕ್ಕೆ ಹೋಗಿ ಕಾಲುವೆಯ ದಂಡೆ ಒಡೆದರು. ಪೊಲೀಸರು ಹಿಡಿದುಕೊಂಡು ಹೋಗಿ ಸಂಜೆಗೆ ಬಿಟ್ಟರು. ನಾಲ್ವರಲ್ಲಿ ನಮ್ಮ ಮುದುಕರೂ ಒಬ್ಬರು.

ಠಾಣೆಯಲ್ಲಿ ವಿಚಾರಿಸಿದೆ, ಕಾಲುವೆಯ ಎಂಜಿನಿಯರ್ ಮಾತು ಬರೆದುಕೊಂಡೆ, ಮುದುಕರನ್ನೂ ಕೇಳಿದೆ. “ಹೌದು, ಒಡದೀನಿ” ಎಂದರು. ವರದಿಯಲ್ಲಿ ಮೂವರನ್ನು ‘ರೈತರು’ ಎಂದು ಬರೆದೆ, ಮುದುಕರನ್ನು ಮಾತ್ರ ‘ಚರ್ಚಿನ ಬೋಧಕ’ ಎಂದು. ಅದೂ ನಿಜವೇ. ಆ ಎರಡು ಪದ ಇಲ್ಲದಿದ್ದರೆ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ಮರುದಿನ ಜಿಲ್ಲಾ ಪುಟದಲ್ಲಿ ಚೌಕಟ್ಟು ಹಾಕಿ ಪ್ರಕಟಿಸಿದ್ದರು, ಶೀರ್ಷಿಕೆಯಲ್ಲಿ ಆ ಎರಡೇ ಪದ. ಚರ್ಚಿನ ಹೆಸರು ಕೆಟ್ಟಿತೆಂದು ವಾರದೊಳಗೆ ಸಭೆಯ ಹಿರಿಯರು ಅವರನ್ನು ಬೋಧನೆಯಿಂದ ಬಿಡಿಸಿದರು.

ಆ ಸಭೆಯಲ್ಲಿ ಒಂದು ರೂಢಿ ಇತ್ತು. ಪ್ರಭುಭೋಜನದ ರೊಟ್ಟಿ ಮುರಿಯುವ ಮೊದಲು, ಮನಸ್ತಾಪ ಇದ್ದವರು ಎದ್ದುಹೋಗಿ ಕೈಹಿಡಿದು ಸಮಾಧಾನ ಮಾಡಿಕೊಳ್ಳಬೇಕು. ಮುಂದಿನ ತಿಂಗಳು ಮುದುಕರು ಹಿಂದಿನ ಸಾಲಿನಿಂದ ಎದ್ದು ಎಲ್ಲರ ಎದುರಿಗೆ ನನ್ನ ಹತ್ತಿರ ಬಂದು ಕೈ ಹಿಡಿದರು.

“ತಮ್ಮಾ, ಮೂರು ವಾರ ಆತು ನಿನ್ನ ಮ್ಯಾಲ ಸಿಟ್ಟು ಹಿಡ್ಕೊಂಡು ಕುಂತೀನಿ. ಮಾಫ್ ಮಾಡು.”

“ನನ್ನ ಮನಸಿನ್ಯಾಗ ಏನೂ ಇಲ್ರಿ, ಅಜ್ಜಾರ” ಎಂದೆ.

“ಏನೂ ಇಲ್ಲಂತ. ಖರೇನ ಹೇಳ್ಯಾನ ತಗೋ” ಎಂದು ಪಕ್ಕದಲ್ಲಿ ಕೂತಿದ್ದ ಮುದುಕಿ ಸೆರಗಿನ ಮರೆಯಲ್ಲಿ ಅಂದಳು. ಮುದುಕರು ಕೈ ಬಿಟ್ಟು ತಮ್ಮ ಜಾಗಕ್ಕೆ ಹೋದರು. ನಾನು ರೊಟ್ಟಿ ತೆಗೆದುಕೊಂಡೆ.

ಅಂದಿನಿಂದ ಯಾರೂ ಉಣ್ಣಲು ಕರೆಯಲಿಲ್ಲ. ಮುಖ ತಿರುಗಿಸಲೂ ಇಲ್ಲ. “ಆರಾಮ ಅದೀರಿ?” ಎಂದು ಬಹುವಚನದಲ್ಲಿ ಕೇಳಿ ಮನೆಗೆ ಹೋಗುತ್ತಿದ್ದರು. ಮೂರು ಗಂಟೆಯ ಬಸ್ಸಿಗೆ ನಾನು ರಸ್ತೆಯಲ್ಲಿ ಕಾಯುತ್ತಿದ್ದೆ. ಹಸಿವಾಗುತ್ತಿತ್ತು. ಆ ಹೊತ್ತಿನಲ್ಲಿ ವರದಿಯನ್ನು ಮನಸ್ಸಿನಲ್ಲೇ ಎಷ್ಟೋ ಸಲ ಓದಿದ್ದೇನೆ. ಒಂದೂ ತಪ್ಪು ಸಿಗಲಿಲ್ಲ.

ಕೊನೆಗೆ ಗುಲ್ಬರ್ಗಾದ ಕಚೇರಿಗೆ ಫೋನ್ ಮಾಡಿ, ತಿದ್ದುಪಡಿ ಹಾಕಲು ಆಗುತ್ತದೆಯೇ ಎಂದು ಮುಖ್ಯಸ್ಥರನ್ನು ಕೇಳಿದೆ.

“ಯಾವುದು ತಪ್ಪಾಗ್ಯಾದ?”

“ಯಾವುದೂ ಇಲ್ರಿ.”

“ಮತ್ತ ಏನು ತಿದ್ದಬೇಕಪಾ? ಹುಷಾರ್ ಅದೀ ಇಲ್ಲೊ?”

ಪತ್ರಿಕೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮುಂದಿನ ಪ್ರಭುಭೋಜನದ ದಿನ ನಾನೇ ಎದ್ದು ನಿಂತೆ. ಬರೆದದ್ದು ಸುಳ್ಳಲ್ಲ; ಆದರೆ ‘ಬೋಧಕ’ ಎಂದು ಸೇರಿಸಿದ್ದು ಸುದ್ದಿ ದೊಡ್ಡದಾಗಲಿ ಎಂಬ ಆಸೆಗೆ; ಬರೆಯುವಾಗ ಆ ಮನುಷ್ಯ ನನ್ನ ಕಣ್ಣ ಮುಂದೆ ಇರಲಿಲ್ಲ ಎಂದೆ. ಸಭಾಪಾಲಕರು ಮುದುಕರ ಕಡೆ ನೋಡಿ, ಮುಂದಿನ ವಾರದಿಂದ ಅವರೇ ಬೋಧಿಸಲಿ ಎಂದರು.

“ಬ್ಯಾಡ್ರಿ” ಎಂದರು ಮುದುಕರು. “ಒಡದದ್ದು ನಾನು. ಅವ ಬರದದ್ದು ಖರೇನ ಐತಿ.”

ಅಲ್ಲಿಗೆ ಮುಗಿಯಿತು. ಅವರು ಮತ್ತೆ ಬೋಧಿಸಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾನು ಅವರ ಪಕ್ಕ ಹೋಗಿ ಕೇಳಿದೆ: “ಅಜ್ಜಾರ, ಇನ್ನೂ ಸಿಟ್ಟು ಐತೇನ್ರಿ?”

“ಐತಿ. ಅವತ್ತು ಕೈ ಹಿಡಿದೆ, ಹೋಗ್ತದ ಅಂತ ತಿಳಿದಿದ್ದೆ. ಹೋಗಲಿಲ್ಲ. ದಿನಾ ಪ್ರಾರ್ಥನಾ ಮಾಡಾಕತ್ತೀನಿ, ಜರಾ ಜರಾ ಕಮ್ಮಿ ಆಗಾಕತ್ತೈತಿ.” ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಇದನ್ನೂ ಪೇಪರಿನ್ಯಾಗ ಹಾಕಬ್ಯಾಡ ಮತ್ತ.”

ನಾನು ನಕ್ಕೆ. ಅವರು ನಗಲಿಲ್ಲ; ಹೊಲದ ದಾರಿ ಹಿಡಿದು ಹೋದರು.