ಮೂರು ಬೆರಳಿನ ಚೂರಿ

೧೯೫೯ನೇ ಇಸವಿ ಮೇ ತಿಂಗಳ ಹತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಕಟ್ಟಾಯದ ಮಲ್ಲಿಗಮ್ಮ ಮನೆಮುಂದಿನ ಕಲ್ಲಿನ ಮೇಲೆ ಕುಳಿತು, ಜಾಲಿಮುಳ್ಳಿನಿಂದ ಒಂದು ಮಡಚುವ ಚಾಕುವಿನ ಸಂದು ಕೆದಕುತ್ತಿದ್ದಳು. ಗಂಟೆಯ ಬಗ್ಗೆ ಅನುಮಾನ ಬೇಡ. ಹಾಸನದ ಸಂತೆಗೆ ಹೋಗುವ ಮೊದಲ ಬಸ್ಸು ಆರು ಹತ್ತಕ್ಕೆ ಹೊರಡುತ್ತಿತ್ತು. ಡ್ರೈವರು ಸರಿಯಾಗಿ ಇಪ್ಪತ್ತು ನಿಮಿಷ ಮುಂಚೆ ಒಂದು ಸಲ ಹಾರನ್ ಒತ್ತಿ ಊರನ್ನು ಎಬ್ಬಿಸುತ್ತಿದ್ದ. ಆ ಹಾರನ್ ಕೇಳಿದಾಗಲೇ ಮುಳ್ಳಿನ ತುದಿಗೆ ಕಪ್ಪನೆಯ ಅಂಟು ಹತ್ತಿಕೊಂಡು ಬಂತು. ಮಲ್ಲಿಗಮ್ಮ ಅದನ್ನು ಮೂಗಿನ ಹತ್ತಿರ ಹಿಡಿದಳು. ಹನ್ನೊಂದು ತಿಂಗಳ ಹಿಂದಿನ ಕೊಳೆತ ಆಲೂಗೆಡ್ಡೆ.

"ಸಿಕ್ದ ಕಳ್ಳ," ಎಂದಳು.

"ಯಾರಮ್ಮಿ? ಎಲ್ಲವ್ನೆ?" ಎನ್ನುತ್ತ ಗಂಡ ಚೆನ್ನಯ್ಯ ಪಂಚೆ ಎತ್ತಿಕಟ್ಟಿಕೊಂಡು ಹೊರಗೆ ಬಂದ.

"ನೀನೇ ಕರ್ಕಂಬಂದಿದ್ದು. ಚನ್ರಾಯಪಟ್ಣದಿಂದ."

ಚೆನ್ನಯ್ಯ ಚಾಕುವನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ. ಚನ್ನರಾಯಪಟ್ಟಣಕ್ಕೆ ಗಾಡಿಯಲ್ಲಿ ತೆಂಗಿನಕಾಯಿ ಹೊಡೆದುಕೊಂಡು ಹೋಗಿದ್ದಾಗ ಆಸೆಪಟ್ಟು ತಂದಿದ್ದ ಚಾಕು ಅದು. ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ. ಮಡಚಿದರೆ ಟಕ್ ಎನ್ನುತ್ತಿತ್ತು. ಆ ಸದ್ದಿಗಾಗಿಯೇ ಅವನು ದಿನಕ್ಕೆ ಇಪ್ಪತ್ತು ಸಲವಾದರೂ ಅದನ್ನು ತೆರೆದು ಮಡಚುತ್ತಿದ್ದ. ಹೋದ ವರ್ಷ ಬೀಜದ ಕಾಲಕ್ಕೆ ಮಲ್ಲಿಗಮ್ಮನ ಹಳೆಯ ಕತ್ತಿ ಮುರಿದಾಗ, "ಇದ್ರಲ್ಲಿ ಕುಯ್ಯಿ" ಎಂದು ಹೆಂಡತಿಯ ಮುಂದೆ ಇಟ್ಟಿದ್ದ.

ಮಲ್ಲಿಗಮ್ಮನ ಕಸುಬೇ ಬೀಜದ ಗೆಡ್ಡೆ ಕುಯ್ಯುವುದು. ಮುಂಗಾರು ಹಿಡಿಯುವ ಹೊತ್ತಿಗೆ ಆಲೂಗೆಡ್ಡೆಯ ಚೀಲಗಳು ಊರಿಗೆ ಬರುತ್ತವೆ. ಒಂದೊಂದು ಗೆಡ್ಡೆಯನ್ನೂ ತಿರುಗಿಸಿ ನೋಡಿ, ಹೋಳಿಗೆ ಎರಡು ಕಣ್ಣು ಬರುವಂತೆ ಕುಯ್ದು ಬೂದಿ ಸವರಿ ಹಾಕಬೇಕು. ಒಂದೇ ಕಣ್ಣಾದರೆ ಮೊಳಕೆಯ ನಂಬಿಕೆ ಇಲ್ಲ, ನಾಲ್ಕಾದರೆ ಬೀಜ ದಂಡ. ಈ ಕೆಲಸಕ್ಕೆ ಊರವರು ಕೈಗುಣ ನೋಡಿಯೇ ಕರೆಯುತ್ತಿದ್ದರು. ಹದಿನಾರು ವರ್ಷ ಎಲ್ಲರೂ ಮೊದಲು ಬರುತ್ತಿದ್ದದ್ದು ಮಲ್ಲಿಗಮ್ಮನ ಬಾಗಿಲಿಗೆ. ಹದಿನೇಳನೆಯ ವರ್ಷ, ಅಂದರೆ ಹೋದ ವರ್ಷ, ತಿರುನಾರಾಯಣ ಮೇಷ್ಟ್ರ ಹೊಲದಲ್ಲಿ ಅವಳು ಕುಯ್ದ ಬೀಜ ಮಣ್ಣೊಳಗೇ ಕೊಳೆಯಿತು.

"ಮಲ್ಲಿಗಿ ಕೈ ಸತ್ತೋಯ್ತು ಕಣ್ರವ್ವ," ಎಂದು ಪಕ್ಕದ ಬೀದಿಯ ದೊಡ್ಡತಾಯಮ್ಮ ಬಾವಿಕಟ್ಟೆಯಲ್ಲಿ ಹೇಳಿದಳು. ಅವಳೂ ಬೀಜ ಕುಯ್ಯುವವಳೇ. ಬಾವಿಕಟ್ಟೆಯಲ್ಲಿ ಹೇಳಿದ್ದು ಊರು ತುಂಬಲು ಒಂದು ಕೊಡ ತುಂಬುವಷ್ಟು ಹೊತ್ತೂ ಬೇಕಾಗಲಿಲ್ಲ. ಈ ವರ್ಷ ಮಲ್ಲಿಗಮ್ಮನ ಬಾಗಿಲಿಗೆ ಯಾರೂ ಬರಲಿಲ್ಲ.

ಆಗ ಅವಳೇ ಮೇಷ್ಟ್ರ ಅಂಗಳಕ್ಕೆ ಹೋಗಿ ನಿಂತಳು. ತಿರುನಾರಾಯಣ ಮೇಷ್ಟ್ರು ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು, ನಿವೃತ್ತರಾದ ಮೇಲೆ ಹಿರಿಯರ ಹೊಲ ನೋಡಿಕೊಳ್ಳಲು ಕಟ್ಟಾಯಕ್ಕೆ ಬಂದವರು.

"ಹತ್ತು ಸಾಲು ನಂಗೆ ಬುಡಿ ಬುದ್ದಿ. ಕೆಟ್ರೆ ಇನ್ಮೇಲೆ ಈ ಕೈಲಿ ಬೀಜ ಮುಟ್ಟಾಕಿಲ್ಲ."

"ಸಾಲಿಗೆ ನೂರಿಪ್ಪತ್ತು ಗುಣಿ," ಎಂದರು ಮೇಷ್ಟ್ರು. "ಹತ್ತಕ್ಕೆ ಸಾವಿರದ ಇನ್ನೂರು. ಪಕ್ಕದ ಹತ್ತು ಸಾಲು ದೊಡ್ಡತಾಯಮ್ಮನದು. ಬೀಜ ಹಾಕಿದ ಇಪ್ಪತ್ತಾರನೇ ದಿನ ಹುಟ್ಟದ ಗುಣಿ ಎಣಿಸೋಣ. ನಿನ್ನ ಮಾತೂ ಬೇಡ, ಅವಳ ಮಾತೂ ಬೇಡ."

ಮಲ್ಲಿಗಮ್ಮ ಮನೆಗೆ ಬಂದು ಎರಡು ದಿನ ಯೋಚಿಸಿದಳು. ಹದಿನಾರು ವರ್ಷ ಕೈ ಇದೇ, ಬೂದಿ ಇದೇ, ಕಣ್ಣು ಲೆಕ್ಕ ಹಾಕುವುದೂ ಇದೇ. ಹೋದ ವರ್ಷ ಬದಲಾಗಿದ್ದು ಚಾಕು ಒಂದೇ. ಅದಕ್ಕೇ ಆ ಮಂಗಳವಾರದ ಜಾಲಿಮುಳ್ಳು. ಮಡಚುವ ಚಾಕುವಿಗೆ ಒಂದು ಹೊಟ್ಟೆ ಇರುತ್ತದೆ. ಕೊಳೆತ ಗೆಡ್ಡೆ ಒಂದನ್ನು ಕುಯ್ದರೆ ಅದರ ರಸ ಆ ಹೊಟ್ಟೆಗೆ ಇಳಿದು ಕೂರುತ್ತದೆ, ಆಮೇಲೆ ಒಳ್ಳೆಯ ಗೆಡ್ಡೆಗಳಿಗೆಲ್ಲ ಪ್ರಸಾದ ಹಂಚುತ್ತದೆ. ಸೆರಗಿನಿಂದ ಒರೆಸಿದರೆ ಅಲಗು ಫಳಫಳ ಎನ್ನುತ್ತದೆಯೇ ಹೊರತು ಹೊಟ್ಟೆ ತೊಳೆಯುವುದಿಲ್ಲ.

ಹಾಗಾದರೆ ಹೊಟ್ಟೆಯೇ ಇಲ್ಲದ ಚಾಕು ಬೇಕು. ಅವಳು ಮಡಿಲಲ್ಲಿ ಆರು ಆಲೂಗೆಡ್ಡೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಚೆನ್ನಯ್ಯನೂ ಹತ್ತಿದ.

ಹಾಸನದ ಸಂತೆಯಲ್ಲಿ ಚಾಕುವಿನ ಅಂಗಡಿಗಳು ನಾಲ್ಕಿದ್ದವು. ಮಲ್ಲಿಗಮ್ಮ ನಾಲ್ಕರಲ್ಲೂ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಚಾಕು ಎತ್ತಿಕೊಂಡು, ತನ್ನದೇ ಗೆಡ್ಡೆ ಕುಯ್ದು, ಹಿಡಿಯ ಬುಡವನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಂದರ ಅಲಗು ಗೇಣುದ್ದ. ಗೆಡ್ಡೆ ದಾಟಿ ಹೆಬ್ಬೆರಳಿಗೇ ಬಂತು. ಇನ್ನೊಂದಕ್ಕೆ ಎರಡು ಕಡೆ ಮರದ ಪಟ್ಟಿ ಇಟ್ಟು ಮೊಳೆ ಹೊಡೆದಿದ್ದರು. ಪಟ್ಟಿಗೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯ ಸಂದು.

"ಇದಕ್ಕೂ ಹೊಟ್ಟೆ ಐತೆ," ಎಂದು ಕೆಳಗಿಟ್ಟಳು.

ಅಂಗಡಿಯವನು ರೇಗಿದ. "ಏನಕ್ಕಾ, ಚಾಕು ತಗೋತೀಯೋ, ಮಗನಿಗೆ ಹೆಣ್ಣು ನೋಡ್ತಾ ಇದೀಯೋ?"

"ಹೆಣ್ಣಾದ್ರೆ ಬೇಗ ಒಪ್ಕಂಬುಡ್ತಿದ್ದೆ ಕಣಣ್ಣ. ಹೆಣ್ಣು ಆಮೇಲೂ ಕಲೀತದೆ. ಚಾಕು ಕಲಿಯಾಕಿಲ್ಲ."

ಚೆನ್ನಯ್ಯ ನಾಚಿಕೊಂಡು ದೂರ ಹೋಗಿ ಕಡ್ಲೆಪುರಿ ಕೊಂಡ. ಆರು ಗೆಡ್ಡೆಯೂ ಹೋಳಾದವು. ಚಾಕು ಸಿಗಲಿಲ್ಲ. ಹೋಳುಗಳನ್ನು ಮಡಿಲಿಗೆ ಹಾಕಿಕೊಂಡು ಬಂದು ರಾತ್ರಿ ಸಾರು ಮಾಡಿದಳು.

ಮಾರನೆಯ ದಿನ ಊರಿನ ಕುಲುಮೆಗೆ ಹೋದಳು. ಬೋರಪ್ಪ ತಿದಿ ಒತ್ತುತ್ತಿದ್ದ.

"ಒಂದು ಚೂರಿ ಬೇಕಿತ್ತು ಬೋರಪ್ಪಣ್ಣ. ಮಡಚಬಾರ್ದು. ಸಂದಿರಬಾರ್ದು."

"ಉದ್ದ?"

ಅವಳು ಒಂದು ಗೆಡ್ಡೆಯನ್ನು ಕಲ್ಲಿನ ಮೇಲಿಟ್ಟು, ಪಕ್ಕದಲ್ಲಿ ಬೆರಳು ಜೋಡಿಸಿದಳು. ಬೀಜದ ಗೆಡ್ಡೆ ಸುಮಾರು ಎರಡು ಇಂಚು ಅಗಲ. ಅದನ್ನು ದಾಟಿ ಚೂರೇ ಚೂರು ಉಳಿಯಬೇಕು, ಹೆಬ್ಬೆರಳಿಗೆ ತಾಗಬಾರದು. "ಮೂರು ಬೆರಳು."

"ಮೂರು ಬೆರಳಾ! ಚೂರಿ ಮಾಡ್ಲಾ, ಕಿವಿ ಕೆರ್ಕಳಾಕೆ ಕಡ್ಡಿ ಮಾಡ್ಲಾ?"

ಆದರೂ ಮಾಡಿದ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ತುಂಡು ಕಾಯಿಸಿ ಬಡಿದು, ಬಾಲವನ್ನು ಹುಣಸೆಮರದ ಹಿಡಿಯೊಳಗೆ ಇಳಿಸಿ, ಸಂದಿಗೆ ಅರಗು ತುಂಬಿದ. ಸಂದೆಂಬುದೇ ಇಲ್ಲ. ಚೂರಿಯನ್ನು ಅವಳ ಕೈಗೆ ಕೊಡಲಿಲ್ಲ, ಕಲ್ಲಿನ ಮೇಲಿಟ್ಟ. ಅವಳು ಅಲ್ಲಿಂದ ಎತ್ತಿಕೊಂಡಳು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬುದು ಊರಿನ ನಂಬಿಕೆ. ಮಲ್ಲಿಗಮ್ಮನ ಕೇರಿಯವರಿಗೆ ಊರಿನಲ್ಲಿ ಎಲ್ಲವನ್ನೂ ಕೆಳಗಿಟ್ಟೇ ಕೊಡುತ್ತಿದ್ದರು. ಚೂರಿಯ ವಿಷಯದಲ್ಲಿ ಮಾತ್ರ ಎಲ್ಲ ಜಾತಿಗೂ ಒಂದೇ ಕಾನೂನು.

ಮನೆಗೆ ತಂದವಳು ಅದನ್ನು ಕುದಿಯುವ ನೀರಿಗೆ ಅದ್ದಿದಳು. ಸೂಲಗಿತ್ತಿ ರೇವಮ್ಮನಿಗೆ ಹಾಸನದ ನರ್ಸಮ್ಮ ಒಬ್ಬರು ಹೇಳಿಕೊಟ್ಟಿದ್ದ ಬುದ್ಧಿ ಅದು: ಹೊಕ್ಕುಳಬಳ್ಳಿ ಕುಯ್ಯುವ ಮುಂಚೆ ಅಲಗು ಕುದಿಸಬೇಕು. ಮಗುವಿಗೆ ಆಗುವುದು ಗೆಡ್ಡೆಗೆ ಯಾಕಾಗಬಾರದು ಎಂದು ಮಲ್ಲಿಗಮ್ಮನ ತರ್ಕ. ಹತ್ತು ಎಣಿಸಿ ಮೇಲೆತ್ತಿದಾಗ ಕೈಯಲ್ಲಿ ಹಿಡಿ ಮಾತ್ರ ಇತ್ತು. ಚೂರಿ ಮಡಕೆಯ ತಳದಲ್ಲಿತ್ತು. ಅರಗು ಕರಗಲು ಕುದಿಯುವಷ್ಟು ಬಿಸಿಯೂ ಬೇಕಿಲ್ಲ.

"ಬೇಯ್ತಾ ಚೂರಿ? ಉಪ್ಪು ಆಕಿದ್ಯಾ?" ಎಂದ ಚೆನ್ನಯ್ಯ. ಅವನಿಗೆ ಒಳಗೊಳಗೇ ಖುಷಿ.

ಎರಡನೆಯ ಸಲ ಬೋರಪ್ಪ ಹಿಡಿಯನ್ನೇ ಕೈಬಿಟ್ಟ. ಅಲಗು, ಹಿಡಿ ಎಲ್ಲ ಒಂದೇ ಕಬ್ಬಿಣ. ಬಾಲದ ತುದಿಯನ್ನು ಬಳೆಯಂತೆ ಬಗ್ಗಿಸಿದ. ಮಲ್ಲಿಗಮ್ಮ ಅದಕ್ಕೆ ಸೆಣಬಿನ ಹುರಿ ಸುತ್ತಿದಳು. ಹುರಿ ಕೊಳೆಯಾದರೆ ಬಿಚ್ಚಿ ಬೇರೆ ಸುತ್ತಿದರಾಯಿತು. ಒಂದು ಗೆಣ್ಣು ಬಿದಿರು ಕೊರೆದು ಒರೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ಅದು ಅವಳ ಸೊಂಟ ಬಿಡಲಿಲ್ಲ. ಸೊಪ್ಪು ಕುಯ್ಯಲು, ಚೀಲದ ಹುರಿ ಬಿಚ್ಚಲು, ಎತ್ತಿನ ಗೊರಸಿನ ಮುಳ್ಳು ತೆಗೆಯಲು, ಎಲೆಯ ತೊಟ್ಟು ಮುರಿಯಲು, ಎಲ್ಲಕ್ಕೂ ಅದೇ.

"ಬೀಜಕ್ಕೆ ಅಂತ ಮಾಡ್ಸಿದ್ದು, ಈಗ್ಲೇ ಯಾಕೆ ಸವೆಸ್ತೀಯಾ?" ಎಂದು ಚೆನ್ನಯ್ಯ ಕೇಳಿದ.

"ದಿನಾ ಜೊತೇಲಿ ಇರ್ಬೇಕು. ಅಬ್ಬಕ್ಕೊಂದ್ಸಲ ಬರೋ ನೆಂಟ್ರಂಗೆ ಇದ್ರೆ ಕೈ ಮಾತು ಕೇಳಾಕಿಲ್ಲ."

ಜೂನ್ ಎರಡನೇ ವಾರ ಮೇಷ್ಟ್ರ ಅಂಗಳದಲ್ಲಿ ಬೀಜ ಕುಯ್ಯುವ ಕೆಲಸ ನಡೆಯಿತು. ಒಂದು ಕಡೆ ದೊಡ್ಡತಾಯಮ್ಮ. ಇನ್ನೊಂದು ಕಡೆ ಮಲ್ಲಿಗಮ್ಮ, ಮೂರು ಕಲ್ಲು, ಮನೆಯಿಂದ ತಂದ ಮಡಕೆ, ಕುದಿಯುವ ನೀರು. ಒಳಗೆ ಕಂದು ಬಣ್ಣ ಕಂಡ ಗೆಡ್ಡೆಯನ್ನು ದೂರ ಎಸೆದು, ಅಲಗನ್ನು ನೀರಿಗೆ ಅದ್ದಿ, ಬಾಯಿಬಿಟ್ಟು ಹತ್ತು ಎಣಿಸುತ್ತಿದ್ದಳು. ಎಸೆಯುವಂಥದ್ದು ಸಿಕ್ಕಾಗಲೆಲ್ಲ ಹತ್ತು.

"ನೋಡ್ರವ್ವ, ಆಲೂಗೆಡ್ಡೆಗೆ ಬಾಣಂತಿ ನೀರು ಕಾಯ್ಸ್ತಾವ್ಳೆ," ಎಂದಳು ದೊಡ್ಡತಾಯಮ್ಮ. "ತೊಟ್ಲು ಯಾವಾಗ ಕಟ್ತೀಯೇ ಮಲ್ಲಿಗಿ?"

"ಇಪ್ಪತ್ತಾರನೇ ದಿನಕ್ಕೆ ನಾಮಕರಣ. ನೀನೇ ಬಂದು ಎಸ್ರು ಕೂಗು."

ಅವಳು ಮೂರು ಬುಟ್ಟಿ ಮುಗಿಸುವುದರಲ್ಲಿ ದೊಡ್ಡತಾಯಮ್ಮ ನಾಲ್ಕು ಮುಗಿಸಿದಳು. ತನ್ನ ಪಾಲು ಮುಗಿಸಿ ಅವಳು ಮನೆಗೆ ಹೋದ ಮೇಲೆ, ಮಲ್ಲಿಗಮ್ಮನ ಕೊನೆಯ ಬುಟ್ಟಿ ಬಾಕಿ ಇರುವಾಗ ಸೌದೆ ತೀರಿತು. ಮಲ್ಲಿಗಮ್ಮ ಸೌದೆ ತರಲು ಹೋದಳು. ತಿರುಗಿ ಬಂದಾಗ ಬುಟ್ಟಿಯ ಕೆಲಸ ಮುಗಿದಿತ್ತು. ಚೆನ್ನಯ್ಯ ಬೂದಿ ಸವರುತ್ತ ಹೆಮ್ಮೆಯಿಂದ ಕುಳಿತಿದ್ದ. ಪಕ್ಕದಲ್ಲಿ ಕೊಂಬಿನ ಹಿಡಿಯ ಚಾಕು.

"ನೀನು ಇಂದೆ ಬಿದ್ಬುಟ್ಟೆ ಅಂತ..." ಎಂದ.

ಅವಳಿಗೆ ಅಳು, ನಗು ಎರಡೂ ಬಂದವು. ಬೇರೆ ಬೀಜ ಉಳಿದಿರಲಿಲ್ಲ. ಆ ಬುಟ್ಟಿಯ ಹೋಳುಗಳನ್ನು ಬೇರೆಯೇ ಇಟ್ಟು, ಹತ್ತನೆಯ ಸಾಲಿಗೆ ಅವನ್ನೇ ಹಾಕಿದಳು. ಯಾರಿಗೂ ಹೇಳಲಿಲ್ಲ.

ಇಪ್ಪತ್ತಾರನೇ ದಿನ ಹೊಲದ ಬದುವಿನ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಮೇಷ್ಟ್ರು ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಪುಸ್ತಕ, ಪೆನ್ಸಿಲ್ ಹಿಡಿದು, ಒಂದೊಂದು ಸಾಲನ್ನೂ ನಡೆದರು. ಹುಟ್ಟದ ಗುಣಿಗೆ ಒಂದು ಗೀಟು. ದೊಡ್ಡತಾಯಮ್ಮನ ಹತ್ತು ಸಾಲಿನಲ್ಲಿ ತೊಂಬತ್ತನಾಲ್ಕು ಗೀಟು. ಮಲ್ಲಿಗಮ್ಮನ ಒಂಬತ್ತು ಸಾಲಿನಲ್ಲಿ ಎರಡು.

ಊರಿನ ಬಾಯಲ್ಲಿ ಆ ಲೆಕ್ಕ ಎರಡು ಎಂದೇ ಉಳಿಯಿತು. ಮುಂದಿನ ವರ್ಷ ದೊಡ್ಡತಾಯಮ್ಮ ಯಾರಿಗೂ ಹೇಳದೆ ಕುಲುಮೆಗೆ ಹೋಗಿ ಮೂರು ಬೆರಳಿನ ಚೂರಿ ಮಾಡಿಸಿಕೊಂಡಳು. ೧೯೬೭ರ ಹೊತ್ತಿಗೆ ಬೋರಪ್ಪ ಅಂಥವು ನಲವತ್ತೊಂದು ಮಾಡಿದ್ದ. ಗೊರೂರು, ಅರಕಲಗೂಡಿನ ಕಡೆಯಿಂದಲೂ ಜನ ಬರುತ್ತಿದ್ದರು. ಅವನು ಪ್ರತಿಯೊಬ್ಬರಿಗೂ, "ಸಾವ್ರದಿನ್ನೂರಕ್ಕೆ ಎರಡೇ ಓಗಿದ್ದು ಕಣಣ್ಣ" ಎನ್ನುತ್ತಿದ್ದ. ಆದರೆ ಮೇಷ್ಟ್ರ ಪುಸ್ತಕದಲ್ಲಿ ಎರಡು ಎಂದಿಲ್ಲ. ಏಕೆಂದರೆ ಅಂದು ಅವರು ಹತ್ತನೆಯ ಸಾಲನ್ನೂ ನಡೆದರು. ಅದೊಂದರಲ್ಲೇ ಹನ್ನೊಂದು ಗೀಟು ಬಿತ್ತು.

"ಇದೇನು ಮಲ್ಲಿಗಮ್ಮ, ಈ ಸಾಲಿಗೆ ಏನಾಯಿತು?"

ದೊಡ್ಡತಾಯಮ್ಮ ಕತ್ತು ಉದ್ದ ಮಾಡಿದಳು. ಚೆನ್ನಯ್ಯ ಕಾಲಿನ ಹೆಬ್ಬೆರಳಿನಿಂದ ಮಣ್ಣು ಗೀರುತ್ತಿದ್ದವನು, ಸೊಂಟದಿಂದ ಕೊಂಬಿನ ಹಿಡಿಯ ಚಾಕು ತೆಗೆದು ಮೇಷ್ಟ್ರ ಮುಂದೆ ನೆಲದ ಮೇಲೆ ಇಟ್ಟ.

"ಅದು ನಾನು ಕುಯ್ದಿದ್ದು ಬುದ್ದಿ. ಇದ್ರಲ್ಲಿ. ಅವ್ಳು ಸೌದೆಗೆ ಓಗಿದ್ಲು."

ಮೇಷ್ಟ್ರು ಚಾಕುವನ್ನು ನೋಡಿದರು, ಸಾಲನ್ನು ನೋಡಿದರು, ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವರ ಸಂತೋಷದಿಂದ ನಕ್ಕರು. "ಇದಕ್ಕಿಂತ ಒಳ್ಳೆಯ ರುಜುವಾತು ನಾನು ಕೇಳಿದರೂ ಸಿಗ್ತಿರಲಿಲ್ಲ. ಹಾಗಾದರೆ ಈ ಸಾಲು ನಿನ್ನ ಲೆಕ್ಕಕ್ಕೆ ಸೇರೋದಿಲ್ಲ ಮಲ್ಲಿಗಮ್ಮ. ಎರಡು ಅಂತ ಬರ್ಕೊಳ್ಳಲಾ?"

ಮಲ್ಲಿಗಮ್ಮ ಗಂಡನನ್ನು ನೋಡಿದಳು. ಅವನು ಚಾಕುವನ್ನು ಎತ್ತಿಕೊಳ್ಳಲೋ ಬಿಡಲೋ ತಿಳಿಯದೆ ನಿಂತಿದ್ದ.

"ಹತ್ತು ಸಾಲು ಕೇಳಿದೋಳು ನಾನು ಬುದ್ದಿ. ಕುಯ್ದಿದ್ದೂ ನಮ್ಮನೆ ಕೈಯೇಯ. ಸೇರ್ಸೇ ಬರ್ಕಳಿ," ಎಂದಳು, ಬದುವಿನ ಕೊನೆಯವರೆಗೂ ಕೇಳುವಂತೆ. "ಹದಿಮೂರು."